ಡೈಸಿಯನ್ನು ದಪ್ಪ ಮಾಡಿದವರು ಯಾರು?

ಅನುಮಾನ ನನ್ನ ಹುಟ್ಟುಗುಣ. ಹಾಲು ಒಡೆದರೆ ನನಗೆ ಸಂಶಯ ಹಾಲಿನ ಮೇಲಲ್ಲ, ಕಾಯಿಸಿದವರ ಮೇಲೆ. ಸಾಬೂನು ಬೇಗ ಕರಗಿದರೆ ಮನೆಯವರ ಕೈ ಮೂಸಿ ನೋಡುವ ಜಾತಿ ನಾನು. ಇಂಥವನ ವಶಕ್ಕೆ ಯಾರಾದರೂ ಹಾವು ಕೊಡುತ್ತಾರೆಯೇ? ಕೊಟ್ಟರು.

2005ರ ಸುಮಾರಿಗೆ ನಾನು ಒಮಾನಿನ ಸಹಮ್‌ನಲ್ಲಿ, ತೋಟಗಳಿಗೆ ಪಂಪು ಮಾರುವ ಕಂಪನಿಯೊಂದರಲ್ಲಿದ್ದೆ. ಮ್ಯಾನೇಜರ್ ಪೀಟರ್ ಸಾಹೇಬರು ಎರಡು ತಿಂಗಳ ರಜೆಗೆ ಇಂಗ್ಲೆಂಡಿಗೆ ಹೊರಟವರು, ತಮ್ಮ ಸಾಕುಹಾವು ಡೈಸಿಯನ್ನೂ ಅದರ ಆಹಾರದ ಸತ್ತ ಇಲಿಗಳು ತುಂಬಿದ ಪುಟ್ಟ ಫ್ರೀಜರನ್ನೂ ನಮ್ಮ ಫ್ಲ್ಯಾಟಿನಲ್ಲಿಟ್ಟರು. ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಂಡತಿ, ಮಗಳ ವೀಸಾ ನವೀಕರಣದ ಅರ್ಜಿಗೆ ಅವರ ಸಹಿ ಬೀಳದೆ ನಮ್ಮ ವೀಸಾಕ್ಕೆ ಹೊಣೆಯಾದ ಒಮಾನಿ ಕಫೀಲ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ಬಂದ ಮೇಲೆ ಹಾಕುತ್ತೇನೆ" ಎಂದಿದ್ದರು. ಆ ಮಾತಿನ ಮೇಲೂ ನನಗೆ ಅನುಮಾನವೇ.

ಹದಿನೈದು ದಿನಕ್ಕೆ ಒಂದೇ ಇಲಿ ಎಂದು ಚೀಟಿ ಬರೆದುಕೊಟ್ಟಿದ್ದರು. ಮೈ ಸುತ್ತಿಕೊಂಡಾಗ ಮಡಿಕೆ ಬಿದ್ದರೆ, ಹುರುಪೆಗಳ ನಡುವೆ ಚರ್ಮ ಕಂಡರೆ, ದಪ್ಪ ಮೈಯ ತುದಿಗೆ ಬಾಲ ತೆಳ್ಳಗೆ ಅಂಟಿಸಿಟ್ಟಂತಿದ್ದರೆ ಬೊಜ್ಜು ಬಂತೆಂದೇ ಅರ್ಥ. ಹಾಗೇ ಬಿಟ್ಟರೆ ಅದರ ಆಯಸ್ಸು ಕಡಿಮೆಯಾಗುತ್ತದೆ ಎಂದೂ ಇತ್ತು. ತಿಂಗಳಾಗುವಷ್ಟರಲ್ಲಿ ಡೈಸಿಯಲ್ಲಿ ಮೂರೂ ಲಕ್ಷಣ ಕಂಡವು.

ವಿಚಾರಣೆ ಶುರು ಮಾಡಿದೆ. ಹೆಂಡತಿ ಸುಜಾತಾ ಉಡುಪಿ ಕಡೆಯವಳು, ನಾಗನೆಂದರೆ ಕೈಮುಗಿಯುವವಳು. ಎರಡನೇ ಪ್ರಶ್ನೆಗೇ ಒಪ್ಪಿಕೊಂಡಳು.

"ಪಂಚಮಿ ದಿನ ಮನೆಯಲ್ಲಿ ಮೀನು-ಮಾಂಸ ಆಗುವುದಿಲ್ಲ. ಅದಕ್ಕೆ ಹಿಂದಿನ ದಿನವೇ ಒಂದು ಕೊಟ್ಟೆ, ಮಾರಾಯ್ರೆ. ಪಾಪ, ಉಪವಾಸ ಬೀಳುವುದು ಬೇಡ ಅಂತ."

"ಪಂಚಮಿ ಒಂದೇ ದಿನ ತಾನೇ?"

"ಸಂಕ್ರಮಣ ಇಲ್ವಾ? ಏಕಾದಶಿ ಇಲ್ವಾ?"

ಹಬ್ಬಕ್ಕೊಂದು ಇಲಿ! ಹದಿನೈದು ದಿನ ಹಸಿಯದ ಪ್ರಾಣಿಗೆ ಒಂದು ದಿನದ ಉಪವಾಸ ತಪ್ಪಿಸಲು ಇಷ್ಟೊಂದು ಉಪಚಾರ. ಮಗಳ ಕಡೆ ತಿರುಗಿದೆ.

"ಓನ್ಲಿ ಟು, ಪಪ್ಪಾ. ಶೀ ವಾಸ್ ಲುಕಿಂಗ್ ಅಟ್ ಮಿ!"

ರೆಪ್ಪೆಯೇ ಇಲ್ಲದ ಹಾವು ನೋಡದೆ ಇನ್ನೇನು ಮಾಡೀತು? "ಖಲಾಸ್!" ಎಂದು ಕೂಗಿ ಫ್ರೀಜರಿಗೆ ಬೀಗ ಜಡಿದೆ. ಕೀಲಿಕೈಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು, ಸ್ನಾನಕ್ಕೆ ಹೋದಾಗಲೂ ಬಿಡಲಿಲ್ಲ. ಆದರೂ ಡೈಸಿ ಊದುತ್ತಲೇ ಹೋದಳು. ಹೆಂಡತಿ ಕಳ್ಳಕೀಲಿ ಮಾಡಿಸಿದ್ದಾಳೆಂದು ಅವಳ ಹೊಲಿಗೆ ಡಬ್ಬಿಯನ್ನೂ ಜಾಲಾಡಿದೆ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಸಾಹೇಬರು ಬಂದರು. ಡೈಸಿಯ ಬೆನ್ನ ಮೇಲೆ ಬೆರಳಾಡಿಸಿ, "ಯಾರು ತಿನ್ನಿಸಿದ್ದು?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಹೆಂಡತಿ, ಮಗಳು ಇಬ್ಬರೂ ಒಟ್ಟಿಗೆ ನನ್ನ ಸೊಂಟದ ಕಡೆ ನೋಡಿದರು.

ಹೌದು, ನಾನೇ. ಇವರಿಬ್ಬರ ಕೈ ಕಟ್ಟಿದ ಮೇಲೆ ನನಗೆ ಹೊಸ ಅನುಮಾನ ಹತ್ತಿತ್ತು: ಹಾವು ಸೊರಗಿಹೋದರೆ ಸಹಿಯ ಗತಿಯೇನು? ಆಗ ನಮಗೆ ಗುರುವಾರ, ಶುಕ್ರವಾರ ರಜೆ. ಪ್ರತಿ ಗುರುವಾರ ಇವರಿಬ್ಬರನ್ನೂ ತರಕಾರಿಗೆ ಕಳಿಸಿ, ಇರಲಿ ಎಂದು ಒಂದೊಂದು ಇಲಿ ಇಕ್ಕಿದ್ದೆ. ವಾರಕ್ಕೊಂದರಿಂದ ಇಷ್ಟು ಊದಲಾರಳು ಎಂದೇ ಹೆಂಡತಿಯ ಡಬ್ಬಿ ಜಾಲಾಡಿದ್ದು.

ಸಾಹೇಬರು ಸಹಿ ಹಾಕಿದರು, ದೊಡ್ಡ ಮನುಷ್ಯ. ಮರುವರ್ಷದ ರಜೆಗೂ ಡೈಸಿಯನ್ನು ನಮ್ಮಲ್ಲೇ ಬಿಟ್ಟರು. ಆದರೆ ಈ ಬಾರಿ ಚೀಟಿ ಹೆಂಡತಿಯ ಕೈಗೆ ಹೋಯಿತು, ಕೀಲಿಕೈ ಮಗಳ ಕೊರಳಿಗೆ. ಗುರುವಾರ ತರಕಾರಿ ತರಲು ಮಾತ್ರ ಅವರಿಬ್ಬರೂ ನನ್ನನ್ನೇ ಕಳಿಸುತ್ತಿದ್ದರು.