ಅವಳಿಗೆ ಓದ್ಲಿಕ್ಕೆ ಉಂಟು

ಓದುವವರಿಗೆ ಮೌನ ಬೇಕು ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಸಿಕ್ಕಿದರೆ ಅವರನ್ನು ಕಡಬದ ನಮ್ಮ ಮನೆಗೆ ಕರೆತಂದು, ನನ್ನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಹೊರಗಿನಿಂದ ಬಾಗಿಲೆಳೆದು, ಒಂದು ವಾರ ಯಾರೂ ಉಸಿರೆತ್ತದಂತೆ ನೋಡಿಕೊಳ್ಳಬೇಕೆಂದು ನನಗೆ ಬಹಳ ಆಸೆಯಿದೆ. ನಾನು ಮೂವತ್ತು ದಾಟಿದ ಹೆಂಗಸು. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ವಯಸ್ಸಿನ ಲೆಕ್ಕದಲ್ಲಿ ನನಗಿದು ಕೊನೆಯ ಅವಕಾಶ. ಪುಸ್ತಕವಿದೆ, ಮೇಜಿದೆ, ಅನ್ನ ಬಡಿಸಿ ಕರೆಯುವ ಅತ್ತೆ ಇದ್ದಾರೆ, ಕರೆಂಟು ಕೂಡ ಸಾಧಾರಣ ಇರುತ್ತದೆ. ಇಲ್ಲದ್ದು ಒಂದೇ, ಗಲಾಟೆ. ಅದಿಲ್ಲದೆ ನನ್ನ ತಲೆಗೆ ಏನೂ ಹತ್ತುವುದಿಲ್ಲ ಎಂಬುದನ್ನು ಈ ಮನೆಯಲ್ಲಿ ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ತಪ್ಪು ನನ್ನದಲ್ಲ, ನಾನು ಬೆಳೆದ ಜಾಗದ್ದು. ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಯಲ್ಲಿ ನನ್ನ ಅಪ್ಪನದೊಂದು ಸಣ್ಣ ಚಹಾ ಹೋಟೆಲು. ಅದರ ಹಿಂದಿನ ಬೆಂಚೇ ನನ್ನ ಓದುವ ಕೋಣೆ. ಎದುರಿಗೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ಪಕ್ಕದಲ್ಲಿ ಲಾರಿ ಡ್ರೈವರುಗಳು ರಾಜಕೀಯ ಮಾತಾಡುತ್ತಿದ್ದರು, ಒಳಗಿನಿಂದ ಅಮ್ಮ ಅಪ್ಪನನ್ನು ಬೈಯುತ್ತಿದ್ದಳು. ಇವೆಲ್ಲದರ ನಡುವೆ ನಾನು ಕ್ಲಾಸಿಗೆ ಫಸ್ಟು. ಪಾಣಿಪತ್ ಕದನಗಳ ಇಸವಿ ಸರಿಯಾಗಿ ನೆನಪಾಗಬೇಕಾದರೆ ಇವತ್ತಿಗೂ ನನಗೆ ಗೋಳಿಬಜೆ ಎಣ್ಣೆಗೆ ಬೀಳುವ ಸದ್ದು ಬೇಕು. ಪರೀಕ್ಷೆ ನಡೆಸುವವರು ಕೊಠಡಿಯಲ್ಲಿ ಅಂಥ ಏರ್ಪಾಡು ಮಾಡುವುದಿಲ್ಲ ಎಂಬುದು ಬೇರೆ ವಿಷಯ.

ಮದುವೆಯಾಗಿ ಕಡಬಕ್ಕೆ ಬಂದಾಗಲೂ ನನಗೆ ಕಷ್ಟವೆನಿಸಲಿಲ್ಲ. ಗಂಡನಿಗೆ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ಅತ್ತೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಅವರ ಜೊತೆಗೆ ಎಡಗಡೆಯ ಮನೆಯ ಸೇಸಮ್ಮಕ್ಕ, ಬಲಗಡೆಯ ಮನೆಯ ಐಸಮ್ಮ. ಅತ್ತೆಯದು ತುಳು, ಸೇಸಮ್ಮಕ್ಕನದು ಅರೆಭಾಷೆ, ಐಸಮ್ಮನದು ಬ್ಯಾರಿ ಭಾಷೆ. ಮೂವರೂ ತಮ್ಮ ತಮ್ಮ ಭಾಷೆಯನ್ನು ಬಿಡುವುದಿಲ್ಲ, ಮೂವರಿಗೂ ಎಲ್ಲವೂ ಅರ್ಥವಾಗುತ್ತದೆ. ಇಲ್ಲಿ ನಾನು ಅವರ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ, ರುಚಿ ಅರ್ಧ ಕಡಿಮೆಯಾದರೆ ಕ್ಷಮೆ ಇರಲಿ. ಆಗ ನಾನು ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಬಂದವಳೇ ಬ್ಯಾಗು ಎಸೆದು ಜಗಲಿಯಲ್ಲಿ ಕೂತುಬಿಡುತ್ತಿದ್ದೆ. ನಾನು ಕಟ್ಟಿದ ಬೀಡಿಗಳು ಹೊಟ್ಟೆ ಉಬ್ಬಿಸಿಕೊಂಡಿರುತ್ತಿದ್ದವು, ಬೀಡಿ ಕೊಳ್ಳುವ ಬ್ರಾಂಚಿನವರು ಅವನ್ನು ನೋಡಿದ ಕೂಡಲೇ ಬದಿಗೆ ಹಾಕುತ್ತಿದ್ದರು. ಹಾಗಾಗಿ ಎಲೆ ಕತ್ತರಿಸುವ ಕೆಲಸ ಮಾತ್ರ ನನಗೆ ಕೊಟ್ಟರು. ಅಲ್ಲಿ ನನ್ನ ನಿಜವಾದ ಕೆಲಸ ಕಿವಿಯದ್ದು, ಸಂದರ್ಭ ಸಿಕ್ಕಿದರೆ ಬಾಯಿಯದ್ದು. ಕಡಬದಿಂದ ನೆಲ್ಯಾಡಿಯವರೆಗೆ ಯಾರ ಮನೆಯಲ್ಲಿ ಏನು ಬೆಂದಿತು, ಏನು ಸೀದಿತು ಎಂಬುದೆಲ್ಲ ಕತ್ತಲಾಗುವ ಮೊದಲು ಆ ಜಗಲಿಗೆ ಬಂದು ಮುಟ್ಟುತ್ತಿತ್ತು. ಅಷ್ಟು ಸುಖದ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಹೀಗಿರುವಾಗ ಶಾಲೆಯ ಇನ್ನೊಬ್ಬ ಟೀಚರಿಗೆ ಜೊತೆಯಾಗಲೆಂದು ಒಂದು ಸಲ ಕೆಎಎಸ್ ಪ್ರಿಲಿಮ್ಸ್ ಬರೆದೆ. ಸ್ವಲ್ಪದರಲ್ಲಿ ತಪ್ಪಿತು. ತಪ್ಪಿದ್ದು ದೊಡ್ಡದಲ್ಲ, ಆ ‘ಸ್ವಲ್ಪದರಲ್ಲಿ’ ಎಂಬುದು ಅತ್ತೆಯ ಕಿವಿಗೆ ಬಿತ್ತು. ಅದೇ ಸಮಯಕ್ಕೆ ಅವರು ಯಾವುದೋ ಕಾಗದದ ಕೆಲಸಕ್ಕೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದರು. ಅಲ್ಲಿ ಫ್ಯಾನಿನ ಕೆಳಗೆ, ಟವೆಲು ಹೊದಿಸಿದ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿದ್ದಳಂತೆ. ಎದುರಿಗೆ ಗಂಡಸರೆಲ್ಲ ಎದ್ದು ನಿಂತಿದ್ದರಂತೆ. ಮನೆಗೆ ಬಂದವರು ಚಪ್ಪಲಿ ಕೂಡ ಬಿಚ್ಚದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಆ ಕುರ್ಚಿಯಲ್ಲಿ ಕೂತವಳು ನಿನ್ನಷ್ಟೇ ಉದ್ದ ಉಂಟು ಮಾರಾಯ್ತಿ. ಬಣ್ಣ ನಿಂದೇ ಸ್ವಲ್ಪ ಹೆಚ್ಚು,” ಎಂದರು. “ಮತ್ತೆ ನಿಂಗೆ ಎಂತ ಕಡಿಮೆ?”

ಆಡಳಿತಕ್ಕೆ ಬೇಕಾದದ್ದು ಉದ್ದವೂ ಬಣ್ಣವೂ ಅಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಶಾಲೆ ಬಿಡಿಸಿದರು. ಜಗಲಿಗೆ ಕಿಟಕಿಯಿರುವ ಕೋಣೆಯನ್ನು ನನಗೆ ಖಾಲಿ ಮಾಡಿಕೊಟ್ಟರು. ಅಂದಿನಿಂದ ಈ ಮನೆಯಲ್ಲಿ ಒಂದೇ ಕಾನೂನು: “ಮೆಲ್ಲ, ಅವಳಿಗೆ ಓದ್ಲಿಕ್ಕೆ ಉಂಟು.”

ಈ ಕಾನೂನು ಎಲ್ಲಿಯವರೆಗೆ ಹೋಯಿತೆಂದರೆ, ಊರಿನವರ ಮಿಕ್ಸಿಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲಿ ಮಿಕ್ಸಿ ತಿರುಗುವುದು ನಿಂತುಹೋಯಿತು. ತೆಂಗಿನಕಾಯಿ ಅರೆಯದೆ ನಮ್ಮಲ್ಲಿ ಅನ್ನಕ್ಕೆ ಪದಾರ್ಥವಾಗುವುದಿಲ್ಲ. ಅತ್ತೆ ಕಾಯಿತುರಿ, ಹುರಿದ ಮೆಣಸು, ಕೊತ್ತಂಬರಿಯನ್ನು ಪಾತ್ರೆಯಲ್ಲಿ ಹಾಕಿಕೊಂಡು ಐಸಮ್ಮನ ಮನೆಗೆ ಹೋಗಿ ಅರೆದು ತರತೊಡಗಿದರು. ನಮ್ಮ ಮನೆಯ ಸಾಂಬಾರಿಗೆ ಉಪ್ಪು ಎಷ್ಟು ಎಂಬುದು ನನಗಿಂತ ಮೊದಲು ಐಸಮ್ಮನಿಗೆ ಗೊತ್ತಿರುತ್ತದೆ. ಅತ್ತೆಯ ಧಾರಾವಾಹಿ ಶಬ್ದವಿಲ್ಲದೆ ಓಡುತ್ತದೆ. ಪಾತ್ರಗಳ ಕಣ್ಣು, ಹುಬ್ಬು ನೋಡಿ ಅವರೇ ಕತೆ ಊಹಿಸಿಕೊಳ್ಳುತ್ತಾರೆ, ಮರುದಿನ ಅದನ್ನು ಜಗಲಿಯಲ್ಲಿ ಹೇಳುತ್ತಾರೆ. ಸೇಸಮ್ಮಕ್ಕ ಅದೇ ಧಾರಾವಾಹಿಯನ್ನು ಶಬ್ದ ಸಹಿತ ನೋಡುವವರು. ಅತ್ತೆಯ ಕತೆಯೇ ಚೆಂದ ಉಂಟು ಎಂದು ಅವರು ಒಪ್ಪಿಕೊಂಡಿದ್ದಾರೆ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಜಗಲಿಯ ಪಿಸುಮಾತು. ಕಿಟಕಿಗೂ ಆ ಮೂವರಿಗೂ ನಡುವೆ ಒಂದು ಗೋಡೆಯ ದಪ್ಪ ಅಷ್ಟೆ. ಮಾತು ಶುರುವಾಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಮುಖ್ಯವಾದ ಜಾಗಕ್ಕೆ ಬರುತ್ತದೆ, “ಮತ್ತೆ ಎಂತ ಆಯ್ತು ಗೊತ್ತುಂಟಾ?” ಎಂದು ಸೇಸಮ್ಮಕ್ಕನ ಸ್ವರ ಏರುತ್ತದೆ, ಸರಿಯಾಗಿ ಆಗಲೇ ಅತ್ತೆ “ಶ್, ಮೆಲ್ಲ” ಎನ್ನುತ್ತಾರೆ. ಆಮೇಲೆ ಬರೀ ಪಿಸಪಿಸ, ಕತ್ತರಿಯ ಸದ್ದು, ಒಂದು ಅದುಮಿದ ನಗು. ಹೀಗೆ ನನ್ನ ತಲೆಯಲ್ಲಿ ಕೊನೆಯಿಲ್ಲದ ಕತೆಗಳ ದೊಡ್ಡ ರಾಶಿಯೇ ಬಿದ್ದಿದೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸೇಸಮ್ಮಕ್ಕನ ತಂಗಿಯ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಬಂದರು, ಬೆಲ್ಲ ನೀರು ಕುಡಿದರು, ಅವಲಕ್ಕಿ ತಿಂದರು, ಮಾತು ಎಲ್ಲ ಸರಿಯಾಯಿತು. ಅಷ್ಟರಲ್ಲಿ ಹುಡುಗನ ಸೋದರಮಾವ ಎದ್ದು ಕೈ ತೊಳೆಯಲೆಂದು ಹಿಂದಿನ ಬಚ್ಚಲಿಗೆ ಹೋದರು. ಹೋದವರು ಮುಖ ಕೆಂಪು ಮಾಡಿಕೊಂಡು ಹೊರಗೆ ಬಂದು, “ನಡೀರಿ ಎಲ್ಲ” ಎಂದರು. ಸಂಬಂಧ ಮುರಿಯಿತು. ಬಚ್ಚಲಿನಲ್ಲಿ ಏನಿತ್ತು? ಅದು ಪಿಸುಮಾತಿನಲ್ಲಿ ಹೋಯಿತು.

ಆಮೇಲೆ ಪುತ್ತೂರಿನಲ್ಲಿ ಒಂದು ಮಾದರಿ ಪರೀಕ್ಷೆಗೆ ಹೋಗಿದ್ದೆ. ರಾಜ್ಯಪಾಲರ ಅಧಿಕಾರಗಳ ಕುರಿತ ಪ್ರಶ್ನೆಯ ಎದುರು ಕುಳಿತು ನಾನು ಯೋಚಿಸುತ್ತಿದ್ದುದು ಆ ಬಚ್ಚಲನ್ನೇ. ಗಂಡನ ಹತ್ತಿರ ಕೇಳಿದೆ. “ನಂಗೆಂತ ಗೊತ್ತು, ನಾನು ಆ ಬಚ್ಚಲಿಗೆ ಹೋಗ್ಲಿಲ್ಲ,” ಎಂದ. ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದೆ.

“ಅದು ನಿಂಗೆ ಯಾಕೆ? ಪರೀಕ್ಷೆಗೆ ಕೇಳ್ತಾರಾ?” ಎಂದರು.

ಇಲ್ಲ ಎಂದೆ. “ಮತ್ತೆ?” ಎಂದು ಬಾಗಿಲು ಎಳೆದುಕೊಂಡರು.

ಮುಖ್ಯ ಪರೀಕ್ಷೆಗೆ ಪ್ರಬಂಧ ಬರೆದು ಅಭ್ಯಾಸ ಮಾಡಬೇಕು. ಒಂದು ದಿನ ‘ಗ್ರಾಮೀಣ ಸಮಾಜದಲ್ಲಿ ಮಹಿಳೆಯರ ಸಹಭಾಗಿತ್ವ’ ಎಂಬ ವಿಷಯ ತೆಗೆದುಕೊಂಡೆ. ಹೊರಗೆ ಸಹಭಾಗಿತ್ವ ನಡೆಯುತ್ತಿತ್ತು. ಮೂವರೂ ಸೇರಿ ಯಾರದೋ ವಿಷಯಕ್ಕೆ ನಗು ತಡೆಯಲಾರದೆ ಒದ್ದಾಡುತ್ತಿದ್ದರು. ಒಳಗೆ ನಾನು ‘ಇಂಥ ಸಹಭಾಗಿತ್ವವನ್ನು ಸಮಗ್ರವಾಗಿ ಉತ್ತೇಜಿಸುವ ಅಗತ್ಯವಿದೆ’ ಎಂದು ಬರೆಯುತ್ತಿದ್ದೆ. ಪೆನ್ನು ಕೆಳಗಿಟ್ಟು, ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದೆ. ನಗು ಟಕ್ಕೆಂದು ನಿಂತಿತು. ಐಸಮ್ಮ ಎಲೆ, ತಂಬಾಕು ತುಂಬಿದ ಮಡಿಲಿನ ಗೆರಸೆಯನ್ನು ಬದಿಗಿಟ್ಟು, ತಲೆಯ ಸೆರಗು ಸರಿಮಾಡಿಕೊಂಡು, “ಎಂತ ಬೇಕು ಮೇಡಂ?” ಎಂದು ಕೇಳಿದರು.

ಮೊದಲೆಲ್ಲ ಅವರು ನನ್ನನ್ನು ಸವಿತಾ ಎಂದು ಕೂಡ ಪೂರ್ತಿ ಕರೆದವರಲ್ಲ, “ಏ ಸವಿ, ಆ ನೂಲು ಇತ್ಲಾಗಿ ಬಿಸಾಡು” ಎನ್ನುತ್ತಿದ್ದವರು. ಅವರು ತಮಾಷೆ ಮಾಡಿದ್ದೂ ಅಲ್ಲ, ನಿಜವಾದ ಮರ್ಯಾದೆಯಿಂದಲೇ ಕೇಳಿದ್ದರು. ನನಗೆ ಅಳು ಬಂತು. ನೀರು ಕುಡಿದು ಒಳಗೆ ಬಂದೆ. ಇನ್ನೂ ಸಿಗದ ಕುರ್ಚಿಯ ಮರ್ಯಾದೆ ನನಗೆ ಮುಂಗಡವಾಗಿ ಸಿಕ್ಕಿತ್ತು, ಅದರ ಬದಲಿಗೆ ಜಗಲಿಯ ನನ್ನ ಜಾಗ ಹೋಗಿತ್ತು. ಅತ್ತೆ ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಸೊಸೆಗಾಗಿ ತನ್ನ ಧಾರಾವಾಹಿಯ ಬಾಯಿಯನ್ನೇ ಮುಚ್ಚಿಸಿದ ಹೆಂಗಸಿನ ಜೊತೆ ಏನೆಂದು ಜಗಳವಾಡುವುದು?

ಎರಡು ವರ್ಷಕ್ಕೂ ಹೆಚ್ಚು ಕಾಯಿಸಿ ಬಂದ ಈ ಸಲದ ಪ್ರಿಲಿಮ್ಸ್ ಅನ್ನು ಮಂಗಳೂರಿನಲ್ಲಿ ಬರೆದು ಬಂದೆ. ಫಲಿತಾಂಶ ಬರುವವರೆಗೆ ರಜೆ ಎಂದು ಅತ್ತೆ ಘೋಷಿಸಿದರು. ಮರುದಿನ ಮಧ್ಯಾಹ್ನ ಊಟವಾದದ್ದೇ ತಡ, ನಾನು ಕತ್ತರಿ ಹಿಡಿದುಕೊಂಡು ಜಗಲಿಯಲ್ಲಿ ಹಾಜರು. ಎಷ್ಟು ಕಾಲದಿಂದ ಕಾದಿದ್ದೆ! ಕೂತವಳೇ, “ಸೇಸಮ್ಮಕ್ಕ, ಅವತ್ತು ಆ ಬಚ್ಚಲಿನಲ್ಲಿ ಎಂತ ಇತ್ತು?” ಎಂದು ಕೇಳಿದೆ.

“ಯಾವ ಬಚ್ಚಲು?” ಎಂದರು ಸೇಸಮ್ಮಕ್ಕ.

ನಾನು ಇಡೀ ಕತೆಯನ್ನು ಬೆಲ್ಲ ನೀರಿನಿಂದ ಹಿಡಿದು ಹೇಳಿ ನೆನಪಿಸಿದೆ. ಅವರು ಎಲೆಯನ್ನು ತಿರುಗಿಸುತ್ತಾ ಯೋಚಿಸಿದರು. “ಎಂತದೋ ಇತ್ತಪ್ಪ. ಮರ್ತೇ ಹೋಯ್ತು. ಅವಳಿಗೀಗ ಸುಬ್ರಹ್ಮಣ್ಯದ ಹತ್ತಿರ ಒಳ್ಳೆ ಮನೆ ಸಿಕ್ಕಿ, ಮಗು ಅಂಬೆಗಾಲಿಡ್ತದೆ. ಇನ್ನು ಅದೆಲ್ಲ ಯಾಕೆ?” ಎಂದರು. ಅತ್ತೆಗೂ ಐಸಮ್ಮನಿಗೂ ಕೂಡ ನೆನಪಿರಲಿಲ್ಲ. ನಾನು ಅಷ್ಟು ದಿನ ಜೋಪಾನ ಮಾಡಿಟ್ಟುಕೊಂಡಿದ್ದ ಕತೆ ಅದರ ಮಾಲೀಕರಿಗೇ ಬೇಡವಾಗಿತ್ತು.

ಆಮೇಲಿನ ದಿನಗಳಲ್ಲಿ ಇನ್ನೊಂದು ವಿಷಯ ತಿಳಿಯಿತು. ಜಗಲಿಯಲ್ಲಿ ಕೂರುವವರು ಏನಾದರೂ ತರಬೇಕು. ಅವರು ಮೂವರೂ ದಿನಾ ಹೊಸದೊಂದನ್ನು ತರುತ್ತಿದ್ದರು. ನನ್ನ ಹತ್ತಿರ ಇದ್ದದ್ದು ನದಿಗಳ ಉಗಮಸ್ಥಾನ, ಹಣಕಾಸು ಆಯೋಗ, ವಿವಿಧ ತಿದ್ದುಪಡಿಗಳು. ಒಂದು ಸಲ ಮಾತಿಗೆ ಮಾತು ಬಂತೆಂದು ಪಂಚಾಯತ್ ರಾಜ್ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಿದೆ. ಮೂವರೂ ಬಹಳ ಗೌರವದಿಂದ ಕೇಳಿದರು. ಅಂಥ ಗೌರವ ಶತ್ರುಗಳಿಗೂ ಬೇಡ.

ಕೊನೆಗೆ ಒಂದು ಸಂಜೆ ತಡೆಯಲಾರದೆ ಶುರುಮಾಡಿದೆ: “ಪರೀಕ್ಷೆ ಹಾಲಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಒಂದು ಹುಡುಗಿ ಇದ್ಲು. ಎರಡು ಕೈಗೂ ಮೊಣಕೈವರೆಗೆ ಮದರಂಗಿ.”

“ಮದುವೆಯಾ?” ಎಂದರು ಐಸಮ್ಮ.

“ಮರುದಿನ ಮದುವೆ. ಮನೆಯಲ್ಲಿ ಹೇಳದೆ ಬಂದದ್ದಂತೆ.” ಕತ್ತರಿಗಳು ನಿಧಾನವಾದವು. ನನಗೆ ಹುಮ್ಮಸ್ಸು ಬಂತು. “ಪೇಪರು ಅರ್ಧ ಆಗುವಾಗ ಕಿಟಕಿಯ ಹೊರಗೆ ಒಬ್ಬ ಬಂದು ನಿಂತ. ಬಿಳಿ ಅಂಗಿ. ಅವಳು ತಲೆ ಎತ್ತಿ ನೋಡಿದ್ಲು. ಪೆನ್ನು ಕೆಳಗಿಟ್ಲು. ಮೆಲ್ಲ ಎದ್ದು ಬಾಗಿಲಿಗೆ ಹೋದ್ಲು...”

“ಏ ಸವಿ, ಬೇಗ ಹೇಳು ಮಾರಾಯ್ತಿ!” ಎಂದು ಐಸಮ್ಮ ನನ್ನ ಮೊಣಕಾಲಿಗೆ ಹೊಡೆದರು. ಆ ಏಟಿನ ಸುಖ ಯಾವ ಕುರ್ಚಿಯಲ್ಲಿ ಕೂತರೂ ಸಿಗಲಿಕ್ಕಿಲ್ಲ.

ಅಷ್ಟರಲ್ಲಿ ಗಂಡ ಅಂಗಡಿ ಅರ್ಧಕ್ಕೆ ಮುಚ್ಚಿ, ಮೊಬೈಲು ಎತ್ತಿ ಹಿಡಿದುಕೊಂಡು ಅಂಗಳಕ್ಕೆ ಓಡಿಬಂದ. “ನಿನ್ನ ನಂಬರ್ ಉಂಟು! ಮೈನ್ಸಿಗೆ ಆಯ್ತು!”

ಅತ್ತೆ ಎದ್ದು ನಿಂತರು, ಮಡಿಲಿನ ತಂಬಾಕು ಜಗಲಿಯೆಲ್ಲ ಚೆಲ್ಲಿತು, ಅವರ ಕಣ್ಣು ತುಂಬಿತ್ತು. ನನ್ನ ಕೆನ್ನೆ ಸವರಿ, “ಏಳು, ಇನ್ನು ಒಂದು ನಿಮಿಷ ಹಾಳು ಮಾಡುದು ಬೇಡ,” ಎಂದರು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಈ ಮೂವರು ಹೆಂಗಸರು ನನಗಾಗಿ ನುಂಗಿದ ನಗುವಿಗಾದರೂ ನಾನು ಪಾಸಾಗಬೇಕು. ಆದರೆ ಪಾಸಾದರೆ ಎಲ್ಲಿಗೆ ಹಾಕುತ್ತಾರೋ. ಗುರುತು ಪರಿಚಯವಿಲ್ಲದ ಊರಿನ ಕ್ವಾರ್ಟರ್ಸಿನ ಎದುರು ನನ್ನನ್ನು “ಏ ಸವಿ” ಎನ್ನುವವರು ಯಾರಿರುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಕೋಣೆಯ ಬಾಗಿಲು ಮುಚ್ಚಿತು.

ಹೊರಗೆ ಸ್ವಲ್ಪ ಹೊತ್ತು ಕತ್ತರಿಯ ಸದ್ದು ಮಾತ್ರ. ಆಮೇಲೆ ಪಿಸುಮಾತು: “ಅವನ ಒಟ್ಟಿಗೇ ಹೋಗಿರ್ಬೇಕು.” “ಛೆ, ಪೇಪರು ಬಿಟ್ಟಾ?” “ಶ್, ಅವಳಿಗೆ ಓದ್ಲಿಕ್ಕೆ ಉಂಟು.” ಸ್ವಲ್ಪ ಹೊತ್ತು ಕಳೆದು ಕಿಟಕಿಯ ಸರಳಿನ ಹತ್ತಿರ ಅತ್ತೆಯ ಮುಖ ಕಾಣಿಸಿತು.

“ನೀನು ಓದು, ಓದು,” ಎಂದರು ಬಹಳ ಮೆಲ್ಲಗೆ. “ಆದ್ರೆ ಒಂದು ಹೇಳು. ಆ ಹುಡುಗಿ ವಾಪಸು ಬಂದ್ಲಾ, ಇಲ್ವಾ?”

“ಮೈನ್ಸ್ ಆದ ಮೇಲೆ ಹೇಳ್ತೇನೆ ಅತ್ತೆ,” ಎಂದೆ.

ಬೇರೇನು ಹೇಳಲಿ? ಆ ಹುಡುಗಿಯ ಕೈಗೆ ಮದರಂಗಿ ಇದ್ದದ್ದು ಮಾತ್ರ ನಿಜ. ಅವಳು ಕೊನೆಯ ಗಂಟೆಯವರೆಗೆ ತಲೆ ಬಗ್ಗಿಸಿ ಬರೆದು, ಗೇಟಿನ ಬಳಿ ಬನ್ನು ತಿನ್ನುತ್ತಾ ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಈಗ ಸಂವಿಧಾನದ ಪುಸ್ತಕ ತೆರೆದಿಟ್ಟುಕೊಂಡು, ಎದ್ದೇ ಹೋಗದ ಆ ಹುಡುಗಿಯನ್ನು ವಾಪಸು ಕರೆತರುವುದು ಹೇಗೆಂದು ಯೋಚಿಸುತ್ತಾ ಕುಳಿತಿದ್ದೇನೆ.