ಕರುಣೆಯ ಆಲೂಗಡ್ಡೆ

ಆಲೂಗಡ್ಡೆ ಗಿಡದ ಎಲೆ ಹಳದಿಯಾಗಿ ಒರಗಿತೆಂದರೆ ಒಳಗೆ ಗಡ್ಡೆ ಬಲಿತಿದೆ ಎಂದರ್ಥ. ಇಷ್ಟು ಚಿಕ್ಕ ಮಾತನ್ನು ಇಡೀ ಕಟ್ಟಡಕ್ಕೆ ಹೇಳಿ ಹೇಳಿ ಡ್ರಾಯಿಂಗ್ ಮೇಷ್ಟ್ರ ಗಂಟಲು ಒಣಗಿತ್ತು. ನಂಬಿದವರು ಮಾತ್ರ ಒಬ್ಬರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ತಾರಸಿಗೆ ಹತ್ತಿ ಬಂದಾಗ ಪಕ್ಕದ ಮನೆಯ ನರ್ಸಮ್ಮ ಡಬ್ಬಗಳ ಮುಂದೆ ನಿಂತಿದ್ದರು. ಹಳೇ ಬಣ್ಣದ ಡಬ್ಬ, ಹಿಡಿ ಮುರಿದ ಬಕೆಟ್ಟು, ಕೆಟ್ಟ ವಾಷಿಂಗ್ ಮೆಷೀನಿನಿಂದ ಕಿತ್ತ ಡ್ರಮ್ಮು, ಎಲ್ಲದರ ತಳಕ್ಕೂ ಮೇಷ್ಟ್ರೇ ಕೂತು ತೂತು ಕೊರೆದಿದ್ದರು. ಗಿಡ ಗೇಣು ಎದ್ದಾಗಲೆಲ್ಲ ಬುಡಕ್ಕೆ ಮಣ್ಣು ಏರಿಸಿ, ಮಗುವಿಗೆ ಹೊದಿಕೆ ಸರಿಮಾಡುವಂತೆ ಸರಿಮಾಡಿದ್ದರು. ಈಗ ಗಿಡಗಳು ಡಬ್ಬದ ಅಂಚಿಗೆ ಕತ್ತು ಹಾಕಿ ಮಲಗಿದ್ದವು.

“ಮೇಷ್ಟ್ರೇ, ಮನಸ್ಸು ಗಟ್ಟಿ ಮಾಡ್ಕೊಳ್ಳಿ,” ಎಂದರು ನರ್ಸಮ್ಮ, ಆಸ್ಪತ್ರೆಯ ವರಾಂಡದ ದನಿಯಲ್ಲಿ. “ಕಾಮಾಲೆ ಥರ ಇದೆ. ರಾತ್ರಿ ಒಂದಿಷ್ಟು ಗ್ಲೂಕೋಸ್ ಹಾಕಿ ನೋಡ್ದೆ. ಚೇತರಿಸ್ಕೊಳ್ಳಲಿಲ್ಲ.”

“ಯಾರು ಹೇಳಿದ್ರು ನಿಮಗೆ ಹಾಕೋಕೆ? ಅದು ಕಾಯಿಲೆ ಅಲ್ಲ. ಬಲಿತಿದೆ. ನೀರು ನಿಲ್ಲಿಸಿದೀನಿ ನಾನು, ಬೇಕಂತಲೇ.”

“ಹಾಗೇ ಅನ್ಕೊಳ್ಳಿ. ಮೊದಮೊದಲು ಎಲ್ಲರೂ ಒಪ್ಪಲ್ಲ,” ಎಂದು ನರ್ಸಮ್ಮ ಅವರ ಭುಜ ತಟ್ಟಿ ಹೋದರು.

ಭುಜ ತಟ್ಟಿಸಿಕೊಂಡದ್ದು ಮೇಷ್ಟ್ರಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಅದರ ಉರಿ ಆರುವ ಮೊದಲೇ ಕಟ್ಟಡದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದರು. ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಭಾರೀ ಆಸಾಮಿ.

“ನೋಡಿ ಮೇಷ್ಟ್ರೇ, ತಾರಸಿ ಇರೋದು ಬಟ್ಟೆ ಒಣಗಿಸೋಕೆ. ಒಂದು ಬೆಳೆ ನೋಡೋಣ ಅಂತ ಬಿಟ್ಟಿದ್ದೆ. ಇವತ್ತು ಸಂಜೆ ಎಲ್ಲರ ಎದುರಿಗೆ ಅಗೆದು ತೋರ್ಸಿ. ಕಣ್ಣಿಗೆ ಕಾಣೋ ಹಾಗೆ ಗಡ್ಡೆ ಬಂದಿದ್ರೆ ಈ ಮೂಲೆ ನಿಮಗೇ ಇರಲಿ. ಇಲ್ಲ ಅಂದ್ರೆ ಡಬ್ಬ ಎಲ್ಲಾ ಕೆಳಗೆ.”

“ಆಗಲಿ. ಗೋಣಿಚೀಲ ತಗೊಂಡು ಬನ್ನಿ,” ಎಂದರು ಮೇಷ್ಟ್ರು.

ಮನೆಗೆ ಬಂದರೆ ಹೆಂಡತಿಯ ಮುಖದಲ್ಲೂ ಅದೇ ವರಾಂಡದ ಕಳೆ. “ಅಗೆಯೋಕೆ ಕರಣೆ ಬೇಕಲ್ವಾ? ಅಕ್ಕನ ಮನೇಲಿದೆ. ಹೋಗಿ ತನ್ನಿ,” ಎಂದಳು. ಕೈಯಲ್ಲೇ ಅಗೆಯಬಹುದೆಂದು ಅವರು ಹೇಳುವಷ್ಟರಲ್ಲಿ ಚೀಲ ಕೈಗೆ ಬಂದಿತ್ತು, ಕಾಲಿಗೆ ಚಪ್ಪಲಿಯೂ ಬಂದಿತ್ತು.

ಅಕ್ಕನ ಮನೆಯೆಂದರೆ ಬಸ್ಸಿನಲ್ಲಿ ಊರಿನ ಆ ತುದಿ. ಅಲ್ಲಿದ್ದ ಷಡ್ಡಕ ಮಹಾಶಯ ಜೀವಮಾನದಲ್ಲಿ ಗಡ್ಡ ಬಿಟ್ಟು ಇನ್ನೇನನ್ನೂ ಬೆಳೆಸಿದವನಲ್ಲ. ಆದರೂ ಗಡ್ಡೆಯ ಬಗ್ಗೆ ಊಟದ ಹೊತ್ತಿನವರೆಗೆ ಉಪನ್ಯಾಸ ಕೊಟ್ಟ. ಡಬ್ಬದಲ್ಲಿ ಆಲೂಗಡ್ಡೆ ಬೆಳೆಯುವುದು ಬಾತ್‌ರೂಮಿನಲ್ಲಿ ಹಡಗು ನಡೆಸಿದ ಹಾಗೆ ಎಂದ. ಕೊನೆಗೆ ಕರಣೆ ಹುಡುಕಿ ಕೊಟ್ಟ, ಅದಕ್ಕೆ ಹಿಡಿ ಇರಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದರು. ಬರಿಯ ತಗಡು ಚೀಲ ಹರಿದು ಪಕ್ಕದವನ ತೊಡೆ ಚುಚ್ಚಿತು. ಅವನ ಕೈಲೂ ಬೈಸಿಕೊಂಡರು.

ವಾಪಸು ಬಂದು ನೇರ ಮೇಲಕ್ಕೆ ಹೊರಟರೆ, ತಾರಸಿಯ ಬಾಗಿಲಲ್ಲಿ ಕೆಳಮನೆಯ ಗಾರ್ಡ್ ಸಾಹೇಬರು. ರೈಲ್ವೆಯಿಂದ ನಿವೃತ್ತರಾಗಿದ್ದರೂ ಅಡ್ಡ ನಿಲ್ಲುವುದನ್ನು ಮರೆತಿರಲಿಲ್ಲ. ಗೇಟು ಹಾಕಿದ ಹಾಗೆ ಕೈ ಚಾಚಿದರು.

“ಈಗ ಬೇಡ ಮೇಷ್ಟ್ರೇ. ಹೆಂಗಸರ ಬಟ್ಟೆ ಒಣಗ್ತಿದೆ.”

“ನನ್ನ ಗಿಡ ಇದೆ ಅಲ್ಲಿ.”

“ಗಿಡ ಎಲ್ಲೂ ಹೋಗಲ್ಲ. ಇಳೀರಿ.”

ತನ್ನ ಬೆಳೆ ನೋಡಲು ಪರವಾನಗಿ ಕೇಳಬೇಕಾಗಿ ಬಂತಲ್ಲ ಎಂದು ಗೊಣಗುತ್ತಾ ಮೇಷ್ಟ್ರು ಇಳಿದರು.

ಸಂಜೆ ಕಾರ್ಯದರ್ಶಿ ಕುರ್ಚಿ ತರಿಸಿಕೊಂಡು ಕೂತರು. ಗಾರ್ಡ್ ಸಾಹೇಬರೂ ಮೇಷ್ಟ್ರ ಹೆಂಡತಿಯೂ ಉಳಿದ ಮನೆಯವರೂ ಸುತ್ತ ನಿಂತರು. ನರ್ಸಮ್ಮ ಡ್ಯೂಟಿಗೆ ಹೋಗಿದ್ದರು. ಮೇಷ್ಟ್ರು ಡ್ರಮ್ಮಿನ ಹತ್ತಿರ ಬಗ್ಗಿದವರು ಹಾಗೇ ನಿಂತುಬಿಟ್ಟರು. ಮೇಲ್ಮಣ್ಣು ಕೆದರಿತ್ತು. ಬಕೆಟ್ಟಿನಲ್ಲೂ ಅಷ್ಟೇ, ಎಲ್ಲದರಲ್ಲೂ ಅಷ್ಟೇ.

“ಯಾರೋ ಕದ್ದಿದಾರೆ,” ಎಂದರು. ಸರ್ರನೆ ತಿರುಗಿದರು. “ಗಾರ್ಡ್ ಸಾಹೇಬ್ರೇ, ಮಧ್ಯಾಹ್ನ ನನ್ನನ್ನ ತಡೆದವರು ನೀವು. ಹೇಳಿ, ಎಲ್ಲಿ ನನ್ನ ಗಡ್ಡೆ?”

ಗಾರ್ಡ್ ಸಾಹೇಬರ ಮುಖ ಕೆಂಪಾಯಿತು. “ಕಳ್ಳ ಅಂತೀರಾ ನನ್ನ? ಮಾರಾಯರೇ, ನಾವು ತೆಗೆದಿಲ್ಲ, ಹಾಕಿದೀವಿ. ನೀವು ತಲೆ ತಗ್ಗಿಸಬಾರದು ಅಂತ ನಿಮ್ಮ ಮನೆಯವರೂ ನರ್ಸಮ್ಮನೂ ಅಂಗಡಿಯಿಂದ ಆಲೂಗಡ್ಡೆ ತಂದು ಹೂತರು. ನಾನು ಬಾಗಿಲು ಕಾದೆ, ಅಷ್ಟೇ.”

ಮೇಷ್ಟ್ರು ಬಗ್ಗಿ ಡ್ರಮ್ಮನ್ನು ಅಪ್ಪಿ ಹಿಡಿದು ಬುಡಮೇಲು ಮಾಡಿದರು. ಒಂದಾದ ಮೇಲೊಂದರಂತೆ ಎಲ್ಲವನ್ನೂ ಕವುಚಿದರು. ಮಣ್ಣಿನ ಗುಡ್ಡೆಯಿಂದ ಮುಷ್ಟಿಗಾತ್ರದ, ನುಣುಪು ಮೈಯ ಗಡ್ಡೆಗಳು ಉರುಳಿದವು. ಜೊತೆಗೆ ಗೋಲಿಯಷ್ಟು ಸಣ್ಣವೂ ಒಂದು ಬೊಗಸೆ ಬಂದವು.

“ರೀ, ಒಂದು ನಿಮಿಷ,” ಎಂದಳು ಹೆಂಡತಿ. ಅವಳ ಕಣ್ಣು ಅರಳಿತ್ತು.

“ನೀನು ಮಾತಾಡಬೇಡ. ಇವತ್ತು ನೀನು ಬಾಯೇ ತೆಗೀಬೇಡ.”

“ಆಯ್ತು,” ಎಂದು ಅವಳು ಸೆರಗು ಬಿಗಿದುಕೊಂಡು ಕೆಳಗಿಳಿದು ಹೋದಳು.

ಮೇಷ್ಟ್ರು ದೊಡ್ಡ ಗಡ್ಡೆಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ ಗಾರ್ಡ್ ಸಾಹೇಬರ ಎದೆಗೆ ಒತ್ತಿದರು. “ತಗೊಳ್ಳಿ ನಿಮ್ಮ ಕರುಣೆ. ಇದರಲ್ಲಿ ಒಂದೂ ನನ್ನದಲ್ಲ, ನಾನು ಎಲ್ಲರೆದುರಿಗೆ ಹೇಳ್ತಿದೀನಿ. ನಾನು ಬೆಳೆದದ್ದು ಇವು,” ಎಂದು ಗೋಲಿಗಳನ್ನು ಎತ್ತಿ ತೋರಿಸಿದರು. “ಸಣ್ಣವೇ ಇರಬಹುದು. ಆದರೆ ಬೆವರು ನನ್ನದು.”

ಕಾರ್ಯದರ್ಶಿ ಬಗ್ಗಿ ನೋಡಿದರು. “ಇಷ್ಟಕ್ಕಾ ಮೇಷ್ಟ್ರೇ ಇಷ್ಟು ಜಾಗ? ಪ್ರಾಮಾಣಿಕತೆ ಮೆಚ್ಚಿದೆ. ಡಬ್ಬ ಇವತ್ತೇ ಕೆಳಗಿಳಿಸಿ.”

ಡಬ್ಬಗಳನ್ನೆಲ್ಲ ಒಬ್ಬರೇ ಇಳಿಸಿ, ಸೊಂಟ ಹಿಡಿದುಕೊಂಡು, ಆದರೂ ಎದೆಯುಬ್ಬಿಸಿಕೊಂಡೇ ಮೇಷ್ಟ್ರು ಮನೆಗೆ ಬಂದು ಗೋಲಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದರು. ಹೆಂಡತಿ ತಿರುಗಿಯೂ ನೋಡಲಿಲ್ಲ.

“ಬಾಯಿ ತೆಗೀಬಹುದಾ ಈಗ?” ಎಂದಳು.

“ಹೇಳು.”

“ನಾವು ಹೂತಿದ್ದು ಇವನ್ನ. ದೊಡ್ಡವು ಹಾಕಿದ್ರೆ ನೀವು ಬೆಳೆದದ್ದು ಅಂತ ಯಾರೂ ನಂಬಲ್ಲ ಅಂತ, ಅಂಗಡಿಯವನ ಹತ್ರ ಜಗಳ ಆಡಿ ಆರಿಸಿ ಆರಿಸಿ ಸಣ್ಣವು ತಂದ್ವಿ. ಬೆರಳಲ್ಲಿ ಕೆದರಿ ಮೇಲೆ ಮೇಲೆ ಮುಚ್ಚಿದ್ವಿ. ತಳದಲ್ಲಿ ಅಂಥ ದೊಡ್ಡವು ಇವೆ ಅಂತ ನಮಗೇನು ಗೊತ್ತು?”

ಮೇಷ್ಟ್ರು ಚಪ್ಪಲಿಯನ್ನೂ ಹಾಕದೆ ಮೆಟ್ಟಿಲು ಇಳಿದರು. ಗಾರ್ಡ್ ಸಾಹೇಬರ ಬಾಗಿಲು ತೆರೆದೇ ಇತ್ತು. ಮೇಜಿನ ನಡುವೆ ಬೇಯಿಸಿದ ಆಲೂಗಡ್ಡೆ ಹಬೆಯಾಡುತ್ತಿತ್ತು. ಉಪ್ಪು, ಮೆಣಸಿನಪುಡಿ ಇಟ್ಟುಕೊಂಡು ಎದುರುಬದುರು ಕೂತಿದ್ದವರು ಸಾಹೇಬರು ಮತ್ತು ಕಾರ್ಯದರ್ಶಿ.

“ಅವು ನನ್ನವು,” ಎಂದರು ಮೇಷ್ಟ್ರು. “ನಾನು ಬೆಳೆದವು. ದೊಡ್ಡವೇ ನನ್ನವು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾರ್ಯದರ್ಶಿ ಎದ್ದು ಮೆಲ್ಲಗೆ ಕುರ್ಚಿ ಎಳೆದು ಕೂರಿಸಿದರು, ನರ್ಸಮ್ಮನ ಹಾಗೆಯೇ ಭುಜ ತಟ್ಟಿದರು.

“ಬೇಜಾರು ಮಾಡ್ಕೋಬೇಡಿ. ಬಂದೂ ಬಂದಿರಿ, ಒಂದು ತಿನ್ನಿ,” ಎಂದರು ಗಾರ್ಡ್ ಸಾಹೇಬರು, ಸಿಪ್ಪೆ ಸುಲಿಯುತ್ತಾ. “ಬೆಣ್ಣೆ ಬೆಣ್ಣೆ. ಯಾವ ಅಂಗಡಿ ಅಂತ ನಿಮ್ಮ ಮನೆಯವರನ್ನ ಕೇಳಿ ಹೇಳಿ ಮೇಷ್ಟ್ರೇ, ಇನ್ಮೇಲೆ ಅಲ್ಲಿಂದಲೇ ತರ್ಸೋಣ.”