ಎಲೆ ಬಿಟ್ಟು ಏಳದ ಜಯತೀರ್ಥರಾಯರು

ಎಲ್ಲಕ್ಕೂ ಮೂಲ ಒಂದು ಹಲ್ಲಿ.

ಗೌರಿ ಹಬ್ಬಕ್ಕೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಬಂದಿದ್ದ ವೆಂಕೂಬಾಯಿಯವರು ಆವತ್ತು ಊರಿಗೆ ಹೊರಟಿದ್ದರು. ಗಂಟು ಕಟ್ಟಿ ಗಾಡಿಗೂ ಹೇಳಿಯಾಗಿತ್ತು. ಅಷ್ಟರಲ್ಲಿ ಊಟಕ್ಕೆ ಕೂತಿದ್ದ ಅಳಿಯ ಜಯತೀರ್ಥರಾಯರ ಎಲೆಯ ಪಕ್ಕಕ್ಕೆ ಜಂತಿಯಿಂದ ಹಲ್ಲಿಯೊಂದು ಪಟ್ಟನೆ ಬಿತ್ತು. ರಾಯರು "ಅಯ್ಯಯ್ಯೋ" ಎಂದು ಎದ್ದು ಓಡಿದವರು ಅಂಗಳದ ತುಳಸಿಕಟ್ಟೆಯ ಹತ್ತಿರವೇ ನಿಂತರು.

ಅಂಗೈಯಲ್ಲಿ ನೀರು ಹಿಡಿದು ಆಪೋಶನ ತೆಗೆದುಕೊಂಡ ಮೇಲೆ ಊಟ ಮುಗಿಯುವ ತನಕ ಎಲೆ ಬಿಟ್ಟು ಏಳಬಾರದು. ಎದ್ದರೆ ಆ ಊಟ ಅಲ್ಲಿಗೆ ಮುಗಿಯಿತು. ವೈದಿಕರ ಮನೆಯಲ್ಲಿ ಬೆಳೆದ ವೆಂಕೂಬಾಯಿಯವರಿಗೆ ಊರಿಗೆ ಬೆಂಕಿ ಬಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಳಿಯನೊಡನೆ ನೇರವಾಗಿ ಮಾತಾಡುವುದು ಅವರ ಪದ್ಧತಿಯಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳಿದರು.

"ಪದ್ಮಾ, ನಿನ್ನ ಗಂಡಗ ಹೇಳು. ಆಚಾರನೂ ಇಲ್ಲ, ಧೈರ್ಯನೂ ಇಲ್ಲ. ಇಂಥ ಮನ್ಯಾಗ ಮೊಮ್ಮಕ್ಕಳನ್ನ ಬಿಟ್ಟು ನಾ ಹ್ಯಾಂಗ ಹೋಗಲಿ? ಇವರು ನೆಟ್ಟಗ ಆಗೋತನಕ ನಾ ಇಲ್ಲೇ ಇರ್ತೀನಿ."

ಗಂಟು ಬಿಚ್ಚಿತು. ಅಂದಿನಿಂದ ರಾಯರು ಕಚೇರಿಯಿಂದ ಬಂದರೆ ಬಾವಿಕಟ್ಟೆಯಲ್ಲಿ ತಲೆಗೆ ತಣ್ಣೀರು ಸುರಿದುಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ನಶ್ಯದ ಡಬ್ಬಿ ತಿಪ್ಪೆಗೆ ಹೋಯಿತು. ಹೆಂಡತಿ ಪದ್ಮಾಬಾಯಿಯೊಡನೆ ಎರಡು ಮಾತಾಡೋಣವೆಂದರೆ ಗೋಡೆಯಾಚೆ ಅತ್ತೆಯ ಕೆಮ್ಮು ಕೇಳುತ್ತಿತ್ತು.

ಕಾರ್ತಿಕ ಬಂದಾಗ ರಾಯರಿಗೊಂದು ಉಪಾಯ ಹೊಳೆಯಿತು. ಕುರುಗೋಡಿನ ಗುಡ್ಡದ ಬುಡದಲ್ಲಿ, ನೆಲ್ಲಿಮರದ ಕೆಳಗೆ ವನಭೋಜನ ಇಟ್ಟುಕೊಳ್ಳುವುದು. ಅತ್ತೆಯ ಕಣ್ಣೆದುರೇ ಎಳ್ಳಷ್ಟೂ ಲೋಪವಿಲ್ಲದೆ ನಡೆದುಕೊಳ್ಳುವುದು. ಮೆಚ್ಚಿದರೆ ಅವರು ಸಿರುಗುಪ್ಪದ ದಾರಿ ಹಿಡಿದಾರು. ಮಕ್ಕಳೂ ಗುಡ್ಡ ನೋಡಿದಂತಾಗುತ್ತದೆ.

ಪಕ್ಕದ ಮನೆಯ ರಂಗಣ್ಣ ಕರೆಯದೆಯೇ ಗಾಡಿ ಹತ್ತಿ ಕೂತ. "ಅಡವಿ ಅಂದ್ರ ಹುಡುಗಾಟ ಅಲ್ಲ ರಾಯರ. ತಿಳಿದವರು ಒಬ್ಬರು ಜೋಡಿ ಇರಬೇಕು," ಎಂದ. ಮಡಿ, ಮಂತ್ರ, ಮಳೆ, ಮದ್ದು, ಯಾವುದರಲ್ಲೂ ತಿಳಿಯದ ವಿಷಯ ಅವನಿಗಿರಲಿಲ್ಲ.

ಹಿಂದಿನ ದಿನವೇ ಕುರುಗೋಡಿಗೆ ಬಂದು ಪರಿಚಯದವರ ಮನೆಯಲ್ಲಿ ತಂಗಿದ್ದವರು, ಬೆಳಿಗ್ಗೆ ಗುಡ್ಡದ ಬುಡದಲ್ಲಿ ಗಾಡಿ ಇಳಿದರು. ಗಾಡಿಯ ಕೆಂಚಣ್ಣ ಎತ್ತುಗಳನ್ನು ಹೊಂಡದ ಕಡೆ ನೀರಿಗೂ ಮೇವಿಗೂ ಹೊಡೆದುಕೊಂಡು ಹೋದ. ದಾರಿಯುದ್ದಕ್ಕೂ ಜಗಳವಾಡಿದ ಮಕ್ಕಳು ತಲೆಯೆತ್ತಿ ನೋಡಿ ಗಪ್ಪಾದರು. ಮನೆಯಷ್ಟು ದೊಡ್ಡ ಬಂಡೆ, ಅದರ ಮೇಲೆ ಅದಕ್ಕಿಂತ ದೊಡ್ಡದು, ಅದರ ನೆತ್ತಿಯ ಮೇಲೆ ನವಿಲೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತು.

"ಅಪ್ಪಾ, ಇವನ್ನ ಯಾರು ಇಟ್ರು?" ಐದು ವರ್ಷದ ಪ್ರಹ್ಲಾದ ಕೇಳಿದ.

"ದೇವರು."

"ದೇವರ ಕೈ ನೋಯಲಿಲ್ಲೇನು?"

ರಾಯರೂ ತಲೆಯೆತ್ತಿದರು. ಬಳ್ಳಾರಿಯಲ್ಲಿ ಇಂಥದೇ ಗುಡ್ಡದ ನೆರಳಲ್ಲಿ ಬದುಕಿದವರು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ಈಗ ಮಗನ ಪಕ್ಕದಲ್ಲಿ ತಾವೂ ಬಾಯಿ ತೆರೆದು ನಿಂತರು.

"ಪದ್ಮಾ, ಮಡಿ ಉಡೋರು ಹಿಂಗ ಬಾಯಿ ತಕ್ಕೊಂಡು ನಿಂದರಬಾರದು ಅಂತ ಹೇಳು," ಎಂದರು ವೆಂಕೂಬಾಯಿ.

ದೊಡ್ಡವರು ಮಿಂದು ಮಡಿಯುಟ್ಟರು. ಬಟ್ಟೆ ತೊಟ್ಟ ಮಕ್ಕಳು ಮಡಿಯಲ್ಲಿದ್ದವರನ್ನು ಮುಟ್ಟಿದರೆ ಮಡಿ ಕೆಡುತ್ತದೆ. ಬತ್ತಲೆ ಮಕ್ಕಳು ಮುಟ್ಟಿದರೆ ಅಡ್ಡಿಯಿಲ್ಲ. ಆದ್ದರಿಂದ ಅಜ್ಜಿ ಪ್ರಹ್ಲಾದನದೂ ಅವನ ತಂಗಿ ಕೃಷ್ಣಿಯದೂ ಬಟ್ಟೆ ಬಿಚ್ಚಿಸಿದರು. ಅವೆರಡೂ ಸ್ವರ್ಗವೇ ಸಿಕ್ಕಂತೆ ಮರ ಸುತ್ತಿದವು. ಅಡಿಗೆಯಾಯಿತು. ರಾಯರು ನೆಲ್ಲಿಮರದ ಪೂಜೆಗೆ ಕೂತರೆ ರಂಗಣ್ಣ ಒಂದೊಂದು ಮಂತ್ರವನ್ನೂ ತಿದ್ದಿ ಮತ್ತೆ ಮೊದಲಿನಿಂದ ಹೇಳಿಸಿದ. ಚಕ್ಕಳಮಕ್ಕಳ ಕೂತೇ ಇದ್ದ ರಾಯರ ಕಾಲಿಗೆ ಜೋಮು ಹಿಡಿದು, ಸೊಂಟದಿಂದ ಕೆಳಗೆ ತಮ್ಮದೇನಾದರೂ ಇದೆಯೇ ಎಂಬುದೇ ತಿಳಿಯದಾಯಿತು. ಎದ್ದು ಕೊಡವಿಕೊಂಡರೆ ಅತ್ತೆ ಏನೆನ್ನುವರೋ ಎಂದು ಅಲ್ಲಿಯೇ ಎಲೆ ಹಾಕಿಸಿಕೊಂಡರು.

ಹೋಳಿಗೆ ಬಿತ್ತು, ತುಪ್ಪ ಬಿತ್ತು. ರಾಯರೂ ರಂಗಣ್ಣನೂ ಆಪೋಶನ ತೆಗೆದುಕೊಂಡರು. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಬಂಡೆಯ ಹಿಂದಿನಿಂದ ಯಾರೋ ಗೊರಕೆ ಹೊಡೆದಂತೆ ಸದ್ದಾಯಿತು. ಹಿಂದೆಯೇ ಕರಡಿ ಬಂತು.

ತಿಳಿದವನಾದ ರಂಗಣ್ಣ ಎಲ್ಲರಿಗಿಂತ ಮೊದಲು ತಿಳಿದುಕೊಂಡ. ಅವನು ಎದ್ದದ್ದನ್ನು ಯಾರೂ ಕಾಣಲಿಲ್ಲ, ನೆಲ್ಲಿಮರದ ಮೇಲಿದ್ದದ್ದನ್ನು ಮಾತ್ರ ಕಂಡರು. ಪದ್ಮಾಬಾಯಿ "ಮಕ್ಕಳೂ!" ಎಂದು ಚೀರಿ ಮುಂದೆ ಬಂದಳು. ವೆಂಕೂಬಾಯಿ ಅವಳ ರಟ್ಟೆ ಹಿಡಿದು ಗಾಡಿಯ ಮರೆಗೆ ಎಳೆದುಕೊಂಡರು. ಮಕ್ಕಳಿಬ್ಬರೂ ಅಪ್ಪನ ಬೆನ್ನೇರಿ ಕತ್ತು ಅಪ್ಪಿಕೊಂಡರು. ರಾಯರು ಏಳಲು ನೋಡಿದರು. ಕಾಲು ಏಳಲಿಲ್ಲ. ಕೂಗಲು ನೋಡಿದರು. ಹೋಳಿಗೆ ಗಂಟಲಲ್ಲಿ ಕೂತಿತ್ತು.

ಕರಡಿ ರಂಗಣ್ಣನ ಎಲೆಯ ಮುಂದೆ ನಿಂತು, ಉದ್ದ ಮೂತಿ ಚಾಚಿ, ಹೋಳಿಗೆಯನ್ನು ಸೊರ್ರೆಂದು ಎಳೆದುಕೊಂಡಿತು. ಆಮೇಲೆ ತಲೆಯೆತ್ತಿತು. ಅದರ ಬೆನ್ನ ಮೇಲೆ ಎರಡು ಮರಿಗಳಿದ್ದವು. ತಾಯಿಯ ಜಡೆಗೂದಲನ್ನು ಹಿಡಿದುಕೊಂಡು ಅವೂ ರಾಯರ ಬೆನ್ನ ಮೇಲಿನ ಎರಡನ್ನು ನೋಡಿದವು.

ರಾಯರ ಮುಖಕ್ಕೆ ಅದರ ಬಿಸಿ ಉಸಿರು ತಾಗಿತು. ಅಷ್ಟು ಹತ್ತಿರದಲ್ಲಿ ಅದರ ಎದೆಯ ಬಿಳಿ ಪಟ್ಟೆ, ಮಣ್ಣು ಮೆತ್ತಿದ ಉಗುರು, ಪುಟ್ಟ ಕಣ್ಣು ಕಂಡವು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ತಮ್ಮಂತೆಯೇ ಅದೂ ಮಕ್ಕಳ ಭಾರಕ್ಕೆ ಬಗ್ಗಿ ನಿಂತಿದೆ ಎನ್ನಿಸಿತು. ಭಯವೆಲ್ಲ ಎಲ್ಲಿ ಹೋಯಿತೋ, ರಾಯರಿಗೆ ಅದಕ್ಕೆ ಕೈ ಮುಗಿಯಬೇಕೆನ್ನಿಸಿತು.

ಪ್ರಹ್ಲಾದ ಅವರ ಕಿವಿಯಲ್ಲಿ ಪಿಸುಗುಟ್ಟಿದ. "ಅಪ್ಪಾ, ಕರಡಿನೂ ಮಡೀಲೆ ಅದ ಏನು? ಅದರ ಮಕ್ಕಳೂ ಅರಿವಿ ಹಾಕ್ಕೊಂಡಿಲ್ಲ."

ಕರಡಿ ಒಮ್ಮೆ ಗುಟುರು ಹಾಕಿ, ಮರಿಗಳನ್ನು ಹೊತ್ತುಕೊಂಡು, ಯಾವ ಅವಸರವೂ ಇಲ್ಲದೆ ಬಂಡೆಯ ಸಂದಿಗೆ ಹೋಯಿತು.

ವೆಂಕೂಬಾಯಿ ಗಾಡಿಯ ಮರೆಯಿಂದ ಬಂದರು. ಕಣ್ಣಲ್ಲಿ ನೀರು. ಜನ್ಮದಲ್ಲಿ ಮೊದಲ ಸಲ ಅಳಿಯನೊಡನೆ ನೇರವಾಗಿ ಮಾತಾಡಿದರು.

"ಅಳಿಯಂದಿರ, ಕರಡಿ ಎಲಿ ಮುಂದ ಬಂದು ನಿಂತರೂ ಏಳಲಿಲ್ಲಲ್ರೀ! ಮಕ್ಕಳನ್ನ ಬೆನ್ನಿಗೆ ಹಾಕ್ಕೊಂಡು ಒಂದು ಮಾತೂ ಆಡದ ಕೂತ್ರಿ. ಇಂಥ ಆಚಾರವಂತರನ್ನ ನಾ ಎಲ್ಲೂ ನೋಡಿಲ್ಲ. ಆಡಿದ್ದೆಲ್ಲಾ ತಪ್ಪಾತು."

ಮರದ ಮೇಲಿಂದ ರಂಗಣ್ಣ, "ನಾ ಇಳೀಲೇನು? ಹೋಳಿಗಿ ಇನ್ನೂ ಅದಾವ?" ಎಂದ.

"ನೀನು ಎಲಿ ಬಿಟ್ಟು ಎದ್ದವ. ನಿನ್ನ ಊಟ ಮುಗೀತು," ಎಂದರು ವೆಂಕೂಬಾಯಿ. ಅಷ್ಟರಲ್ಲಿ ಎತ್ತು ಹೊಡೆದುಕೊಂಡು ಬಂದ ಕೆಂಚಣ್ಣನಿಗೆ ಹೇಳಿದರು. "ಕೆಂಚಣ್ಣಾ, ನಾಳೆ ಸಿರುಗುಪ್ಪಕ್ಕ ಗಾಡಿ ಕಟ್ಟಬೇಕು ನೋಡು."

ಗಂಟಲಲ್ಲಿದ್ದ ಹೋಳಿಗೆ ರಾಯರ ಹೊಟ್ಟೆಗಿಳಿಯಿತು. ಅದರಷ್ಟು ಸಿಹಿಯಾದದ್ದನ್ನು ಅವರು ಎಂದೂ ತಿಂದಿರಲಿಲ್ಲ.

"ಆಗ್ಲಿರವ್ವಾ. ನಿಮ್ಮನ್ನ ಮನಿ ಮುಟ್ಟಿಸಿ ಬರಾಕೇನ್ರಿ?" ಎಂದ ಕೆಂಚಣ್ಣ.

"ನನ್ನ ಬಿಡಲಿಕ್ಕಲ್ಲೋ! ಅಲ್ಲಿ ನನ್ನ ಮಗ ಅನಂತ ಬೆಕ್ಕು ಕೂಗಿದ್ರ ಊಟ ಬಿಟ್ಟು ಏಳ್ತಾನ. ಅಂಥವನ ಮನ್ಯಾಗ ಯಾಕಿರಲಿ? ಇನ್ನ ಉಸಿರು ಇರೋತನಕ ಈ ಪುಣ್ಯಾತ್ಮರ ಮನೀನ ನನಗ ಗತಿ. ಅಲ್ಲಿ ನನ್ನ ಪೆಟ್ಟಿಗಿ ಅದ, ಪೂಜಾದ ಸಾಮಾನು ಅದ, ನಮ್ಮ ಅಕ್ಕ ಸೀತಕ್ಕ ಇದ್ದಾಳ. ಎಲ್ಲಾ ಹೇರಿಕೊಂಡು ಬಾ."

ರಾಯರಿಗೆ ಬರಸಿಡಿಲು ಬಡಿದಂತಾಯಿತು. "ಅತ್ತೆಯವರ, ಖರೇ ಹೇಳ್ತೀನಿ ಕೇಳ್ರಿ," ಎಂದು ಗೋಗರೆದರು. "ನನ್ನ ಕಾಲಿಗೆ ಜೋಮು ಹಿಡಿದಿತ್ತು. ಇಲ್ಲಾಂದ್ರ ರಂಗಣ್ಣನಕಿಂತ ಮೊದಲ ನಾನ ಮರ ಏರ್ತಿದ್ದೆ. ದೇವರಾಣಿ!"

ವೆಂಕೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡಿದೇನ ಪದ್ಮಾ, ಏನು ವಿನಯ, ಏನು ವಿನಯ! ಕೆಂಚಣ್ಣಾ, ಎರಡು ಗಾಡಿ ಕಟ್ಟೋ. ನಮ್ಮ ಸೋದರತ್ತಿನೂ ಬಂದು ಇರಲಿ."